ಬೆಂಗಳೂರು, ಮುಂಬೈಗೆ ಹೋದಾಗ ಟ್ಯಾಕ್ಸಿ: ಕುಮಟಾದ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಕುಮಟಾದ ಹತ್ತಿರದವರು. ಬರುವ ತಿಂಗಳು ಅಮ್ಮನನ್ನು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತೋರಿಸಬೇಕು. ಅದಾದ ಮೇಲೆ ಮುಂಬೈ ಕಡೆ, ಡೊಂಬಿವಲಿಯಲ್ಲಿ ಅಕ್ಕನ ಮಗಳ ಮದುವೆ. ನಾವು ನಾಲ್ಕು ಜನ. ಅದರಲ್ಲಿ ಇಬ್ಬರಿಗೆ ಎಪ್ಪತ್ತು ದಾಟಿದೆ. ದೊಡ್ಡ ಊರಲ್ಲಿ ಟ್ಯಾಕ್ಸಿಯವರು ಸುತ್ತಿಸಿ ದುಡ್ಡು ಕೀಳುತ್ತಾರೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಊರಿನಿಂದಲೇ ಪರಿಚಯದವರ ಕಾರು ಮಾಡಿಕೊಂಡು ಹೋಗುವುದು ಒಳ್ಳೆಯದಾ? ಇಲ್ಲ, ಅಲ್ಲೇ ಟ್ಯಾಕ್ಸಿ ಹಿಡಿಯುವುದಾ? ಆಪ್ ಬಳಸಿ ನನಗೆ ಅಷ್ಟು ರೂಢಿ ಇಲ್ಲ.

ಉತ್ತರ: ರೈಲಿಗೋ ಬಸ್ಸಿಗೋ ಹೋಗಿ, ಅಲ್ಲೇ ಟ್ಯಾಕ್ಸಿ ಹಿಡಿಯಿರಿ. ಆದರೆ ಇಳಿದ ಜಾಗದಿಂದ ಹೋಗಬೇಕಾದ ಮನೆಯ ಬಾಗಿಲಿನವರೆಗೂ ಟ್ಯಾಕ್ಸಿಯಲ್ಲೇ ಹೋಗಬೇಕು ಎಂಬ ಹಟ ಬೇಡ.

ನಾನು ಮೊದಲು ಮುಂಬೈಯಲ್ಲಿ ಟ್ಯಾಕ್ಸಿ ಓಡಿಸಿದವನು. ಈಗ ಕಾರವಾರದಲ್ಲಿ ಕಾರು ಬಾಡಿಗೆಗೆ ಕೊಡುತ್ತೇನೆ. ನಮ್ಮ ಕಡೆಯವರು ದೊಡ್ಡ ಊರಲ್ಲಿ ಎಲ್ಲಿ ದುಡ್ಡು ಕಳೆದುಕೊಳ್ಳುತ್ತಾರೆ ಎಂಬುದನ್ನು ಸ್ಟೇರಿಂಗ್ ಹಿಡಿದೂ ನೋಡಿದ್ದೇನೆ, ಕೌಂಟರಿನಲ್ಲಿ ಕೂತೂ ಕೇಳಿದ್ದೇನೆ. ಸುತ್ತಿಸಿ ಮೀಟರ್ ಏರಿಸುವುದು ಈಗ ಕಡಿಮೆ. ಎಲ್ಲರ ಮೊಬೈಲಿನಲ್ಲೂ ಮ್ಯಾಪ್ ಇದೆಯಲ್ಲ. ಜಾಸ್ತಿ ದುಡ್ಡು ಹೋಗುವುದು ಗಾಡಿ ಹೊರಡುವ ಮೊದಲೇ. ಯಾವ ಗೇಟಿನ ಎದುರು ನಿಂತು ಹಿಡಿದಿರಿ, ಎಷ್ಟು ಹೊತ್ತಿಗೆ ಹಿಡಿದಿರಿ, ಬಾಡಿಗೆ ಎಷ್ಟು ಎಂದು ಕೂರುವ ಮುಂಚೆ ಕೇಳಿದಿರಾ ಇಲ್ಲವಾ ಎಂಬುದರಲ್ಲಿ. ಅದಕ್ಕೇ ಈ ಉತ್ತರದಲ್ಲಿ ಓಡುವ ಗಾಡಿಗಿಂತ ನಿಂತ ಗಾಡಿಯ ಮಾತೇ ಜಾಸ್ತಿ ಬರುತ್ತದೆ.

ಮೊದಲು ಊರಿನ ಕಾರಿನ ವಿಷಯ ಮುಗಿಸೋಣ. ಕುಮಟಾದಿಂದ ಬೆಂಗಳೂರಿಗೆ ನಾನೂರೈವತ್ತು ಕಿಲೋಮೀಟರಿನ ಆಸುಪಾಸು. ಹೋಗಿ ಬರಲು ಒಂಬೈನೂರು. ದೂರದ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಎಂದು ಲೆಕ್ಕ ಹಿಡಿಯುವುದು ನಮ್ಮ ವ್ಯವಹಾರದ ರೂಢಿ. ನೀವು ಆಸ್ಪತ್ರೆಯಲ್ಲಿ ಎರಡು ದಿನ ಕೂತರೆ ಕಾರು ಪಾರ್ಕಿಂಗಿನಲ್ಲಿ ಸುಮ್ನೆ ನಿಂತಿರುತ್ತದೆ, ಕಿಲೋಮೀಟರ್ ಮಾತ್ರ ಓಡುತ್ತಲೇ ಇರುತ್ತದೆ. ಅದರ ಮೇಲೆ ಚಾಲಕನ ಬಾಟಾ (ದಿನಭತ್ಯೆ), ಟೋಲ್, ಪಾರ್ಕಿಂಗ್, ಅವನು ಮಲಗಲು ಒಂದು ಜಾಗ. ಇಷ್ಟೆಲ್ಲ ಕೊಟ್ಟು ಕರೆದುಕೊಂಡು ಹೋದವನಿಗೆ ಬೆಂಗಳೂರಿನ ಒನ್‌ವೇ ಗೊತ್ತಿರುವುದಿಲ್ಲ. ದೇವಿಮನೆ ಘಟ್ಟವನ್ನು ಕಣ್ಣು ಮುಚ್ಚಿ ಇಳಿಸುವವನು ಸಿಲ್ಕ್ ಬೋರ್ಡಿನಲ್ಲಿ ಯಾವ ಲೇನ್ ಹಿಡಿಯಬೇಕೆಂದು ಗೊತ್ತಾಗದೆ ಬೆವರುತ್ತಾನೆ. ಕಾರು ಕೊಟ್ಟು ಹೊಟ್ಟೆ ಹೊರೆಯುವ ನಾನೇ ಹೀಗೆ ಹೇಳುತ್ತಿದ್ದೇನೆ ಎಂದರೆ ಯೋಚಿಸಿ.

ಇನ್ನು 'ಪರಿಚಯದವರ ಕಾರು' ಎಂದಿರಿ. ಅದರ ನಂಬರ್ ಪ್ಲೇಟ್ ಬಿಳಿಯದಾ ಹಳದಿಯದಾ, ನೋಡಿ. ಬಿಳಿ ಪ್ಲೇಟಿನ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ದಾರಿಯಲ್ಲಿ ಹೆಚ್ಚುಕಡಿಮೆ ಆದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ. ಆಗ ಪರಿಚಯವೂ ಹಾಳು. ಅಮ್ಮನಿಗೆ ಕೂತು ಪ್ರಯಾಣ ಮಾಡಲು ಆಗುವುದೇ ಇಲ್ಲ ಎಂದಿದ್ದರೆ, ಅಥವಾ ಆಪರೇಷನ್ ಮುಗಿಸಿ ವಾಪಸ್ ಬರುವಾಗ, ಕಾರು ಮಾಡುವುದು ಸರಿ. ಆಗಲೂ ಹಳದಿ ಪ್ಲೇಟಿನದ್ದೇ ಮಾಡಿ.

ಈ ಪ್ಲೇಟಿನ ಬಣ್ಣ ಅಲ್ಲಿಯೂ ನಿಮಗೆ ಬೇಕಾಗುತ್ತದೆ. ಹಳದಿ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆ ಗಾಡಿ. ಹಸಿರು ಮೇಲೆ ಹಳದಿ ಅಕ್ಷರ ಇದ್ದರೆ ಬಾಡಿಗೆಯ ಎಲೆಕ್ಟ್ರಿಕ್ ಗಾಡಿ. ಹಸಿರು ಮೇಲೆ ಬಿಳಿ ಅಕ್ಷರ ಇದ್ದರೆ ಖಾಸಗಿ ಎಲೆಕ್ಟ್ರಿಕ್. ಕಪ್ಪು ಮೇಲೆ ಹಳದಿ ಅಕ್ಷರ ಕಂಡರೆ ಅದು ನೀವೇ ಓಡಿಸಿಕೊಂಡು ಹೋಗಲು ಕೊಡುವ ಕಾರು. ಸ್ಟೇಷನ್ ಹೊರಗೆ ಯಾರಾದರೂ ಬಿಳಿ ಪ್ಲೇಟಿನ ಕಾರಿನ ಹತ್ತಿರ ಕರೆದುಕೊಂಡು ಹೋದರೆ ಹತ್ತಬೇಡಿ. ಎಷ್ಟೇ ಕಡಿಮೆಗೆ ಬರುತ್ತೇನೆ ಎಂದರೂ ಬೇಡ.

ಈಗ ಬೆಂಗಳೂರು. ರೈಲಾದರೆ ಕಾರವಾರ–ಬೆಂಗಳೂರು ಪಂಚಗಂಗಾ ಎಕ್ಸ್‌ಪ್ರೆಸ್ ನಿಮಗೆ ಅನುಕೂಲ. ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಬಸ್ಸಾದರೆ ತುಮಕೂರು ರಸ್ತೆಯಿಂದ ಊರೊಳಗೆ ಬರುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಬಸ್ಸುಗಳೂ ಅದೇ ದಾರಿ. ಇಲ್ಲಿ ಹೆಚ್ಚಿನವರು ಒಂದೇ ಯೋಚನೆಯಲ್ಲಿರುತ್ತಾರೆ: ಮೆಜೆಸ್ಟಿಕ್‌ವರೆಗೆ ಹೋಗಿ ಇಳಿದು ಟ್ಯಾಕ್ಸಿ ಹಿಡಿಯುವುದು. ಅದರ ಅಗತ್ಯ ಇಲ್ಲ. ಆ ರಸ್ತೆಯ ತಲೆ ಮೇಲೇ ಮೆಟ್ರೊದ ಹಸಿರು ಮಾರ್ಗ ಓಡುತ್ತದೆ. 2024ರ ನವೆಂಬರಿನಿಂದ ಅದು ಮಾದಾವರದವರೆಗೂ ಬಂದಿದೆ. ನಾಗಸಂದ್ರ, ದಾಸರಹಳ್ಳಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ, ಎಲ್ಲಾ ಕಡೆ ಸ್ಟೇಷನ್ ಇದೆ. ಗೊರಗುಂಟೆಪಾಳ್ಯದಲ್ಲಿ ಬಸ್ ಇಳಿದು ರೇಷ್ಮೆ ಸಂಸ್ಥೆ ಕಡೆಗೆ ಹೋಗುವ ಮೆಟ್ರೊ ಹತ್ತಿ. ಆರ್.ವಿ. ರಸ್ತೆ ಸ್ಟೇಷನ್ನಿನಲ್ಲಿ ಇಳಿದು ಹಳದಿ ಮಾರ್ಗ ಹಿಡಿಯಿರಿ. ಈ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ಅದರಲ್ಲಿ ಜಯದೇವ ಆಸ್ಪತ್ರೆ ಎಂದೇ ಒಂದು ಸ್ಟೇಷನ್ ಇದೆ. ಲಿಫ್ಟ್ ಇದೆ, ವಯಸ್ಸಾದವರಿಗೆ ಸೀಟು ಬಿಟ್ಟುಕೊಡುತ್ತಾರೆ. ಬೆಳಗಿನ ಎಂಟೂವರೆಗೆ ಟ್ಯಾಕ್ಸಿಯಲ್ಲಿ ಬನ್ನೇರುಘಟ್ಟ ರಸ್ತೆಗೆ ಹೊರಟವರು ಸಿಗ್ನಲಿನಲ್ಲಿ ಕೂತು ಬೇಯುವಾಗ ನೀವು ಒಪಿಡಿ ಸಾಲಿನಲ್ಲಿ ನಿಂತಿರುತ್ತೀರಿ.

ಅಮ್ಮನಿಗೆ ಅಷ್ಟು ನಡೆಯಲು ಆಗದಿದ್ದರೆ ಟ್ಯಾಕ್ಸಿ ಮಾಡಲೇಬೇಕು. ಆಗ ಬಾಡಿಗೆ ಎಷ್ಟಾಗಬಹುದು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಟ್ಯಾಕ್ಸಿಗಳಿಗೆ ಒಂದೇ ದರ ಮಾಡಿತು. ಆಪ್ ಟ್ಯಾಕ್ಸಿಗೂ ಅದೇ, ಬೇರೆಯದಕ್ಕೂ ಅದೇ. ಹತ್ತು ಲಕ್ಷದ ಒಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ. ಆಮೇಲೆ ಕಿಲೋಮೀಟರಿಗೆ 24. ಹತ್ತರಿಂದ ಹದಿನೈದು ಲಕ್ಷದ ಕಾರಿಗೆ 115 ಮತ್ತು 28. ಅದಕ್ಕೂ ಮೇಲಿನದಕ್ಕೆ 130 ಮತ್ತು 32. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಜಾಸ್ತಿ. ಕಾಯಿಸಿದರೆ ಮೊದಲ 5 ನಿಮಿಷ ಬಿಟ್ಟಿ, ನಂತರ ನಿಮಿಷಕ್ಕೆ 1 ರೂಪಾಯಿ. ಟೋಲ್ ಮತ್ತು ಶೇ 5 ಜಿಎಸ್‌ಟಿ ಬೇರೆ ಬರಬಹುದು. ಮೆಜೆಸ್ಟಿಕ್‌ನಿಂದ ಆಸ್ಪತ್ರೆಗೆ 10 ಕಿಲೋಮೀಟರ್ ಹಿಡಿದರೆ ಸಣ್ಣ ಕಾರಿಗೆ 244 ರೂಪಾಯಿ ಆಯಿತು. ಯಾರಾದರೂ 'ಆರುನೂರು ಕೊಡಿ ಸಾರ್, ಟ್ರಾಫಿಕ್ ಇದೆ' ಎಂದರೆ ಅದು ಎಷ್ಟು ಜಾಸ್ತಿ ಎಂದು ನಿಮಗೇ ತಿಳಿಯುತ್ತದೆ. ಆದರೂ ಆಪಿನಲ್ಲಿ ಮಳೆ ಬಂದಾಗ, ಆಫೀಸು ಬಿಟ್ಟಾಗ ದರ ಏರುತ್ತದೆ. ಆಪ್ ಕಂಪನಿಗಳಿಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ತಂದ ಮಾರ್ಗಸೂಚಿ ಮೂಲ ದರದ ಎರಡು ಪಟ್ಟು ಎಂದು ಮಿತಿ ಹಾಕಿದೆ. ಅದಕ್ಕಿಂತ ಮೇಲೆ ಕಂಡರೆ ಹದಿನೈದು ನಿಮಿಷ ಚಹಾ ಕುಡಿದು ಮತ್ತೆ ನೋಡಿ. ಎಷ್ಟೋ ಸಲ ಇಳಿದಿರುತ್ತದೆ.

ಆಟೊ ಅಗ್ಗ. 2025ರ ಆಗಸ್ಟಿನಿಂದ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಅದೇ ಹತ್ತು ಕಿಲೋಮೀಟರಿಗೆ 180 ಆಯಿತು. ಆದರೆ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಇನ್ನೊಂದು, ಆಟೊಗೆ ಮೂರೇ ಜನ. ನಮ್ಮ ಕಡೆ ರಿಕ್ಷಾದಲ್ಲಿ ನಾಲ್ಕೂ ಜನ ಕೂತು, ಮಡಿಲಲ್ಲಿ ಒಂದು ಮಗು, ಕಾಲ ಬುಡದಲ್ಲಿ ಅಕ್ಕಿ ಚೀಲ ಇಟ್ಟುಕೊಂಡು ಹೋಗುತ್ತೇವೆ. ಅಲ್ಲಿ ನಾಲ್ಕನೆಯವರು ಬಂದ ಕೂಡಲೇ 'ಡಬಲ್ ಮೀಟರ್' ಎಂಬ ಮಾತು ಶುರುವಾಗುತ್ತದೆ. ನಾಲ್ಕು ಜನಕ್ಕೆ ಒಂದು ಕಾರು, ಅಷ್ಟೇ.

ರೈಲಿನಲ್ಲಿ ಹೋದರೆ ಮೆಜೆಸ್ಟಿಕ್ ಸ್ಟೇಷನ್ನಿನ ಹೊರಗೆ ಪ್ರೀಪೇಯ್ಡ್ ಆಟೊ ಕೌಂಟರ್ ಇದೆ. ಕಾರು ಬಿಟ್ಟು ಎರಡು ಆಟೊ ಮಾಡುವುದಾದರೆ, ಸಾಲು ಇದ್ದರೂ ಅಲ್ಲೇ ನಿಲ್ಲಿ. ಕೊಟ್ಟ ಚೀಟಿಯನ್ನು ಇಳಿಯುವವರೆಗೂ ಕೈಬಿಡಬೇಡಿ. ಸಾಲಿನ ಪಕ್ಕದಲ್ಲೇ ನಿಂತು 'ಎಲ್ಲಿಗೆ ಎಲ್ಲಿಗೆ' ಎಂದು ಬ್ಯಾಗಿಗೆ ಕೈ ಹಾಕುವವರಿಗೆ ಉತ್ತರವನ್ನೇ ಕೊಡಬೇಡಿ. ಬೇಡ ಎಂದರೂ ಅವರಿಗೆ ಮಾತು ಶುರುವಾದಂತೆಯೇ ಲೆಕ್ಕ. ಇವರಲ್ಲೇ ಕೆಲವರು 'ಆ ಲಾಡ್ಜ್ ಮುಚ್ಚಿದೆ, ಬೇರೆ ಒಳ್ಳೆಯದು ತೋರಿಸುತ್ತೇನೆ' ಎನ್ನುತ್ತಾರೆ. ಅದು ಲಾಡ್ಜ್ ಕೊಡುವ ಕಮಿಷನ್ನಿನ ಮಾತು. ಲಾಡ್ಜಿಗೆ ನೀವೇ ಫೋನ್ ಮಾಡಿ ಕೇಳಿ.

ಆಪ್ ರೂಢಿ ಇಲ್ಲ ಎಂದಿರಿ. ತೊಂದರೆ ಇಲ್ಲ. ಊರಲ್ಲೇ ಇರುವಾಗ ಒಂದು ಆಪ್ ಹಾಕಿಕೊಂಡು ಸುಮ್ನೆ ತೆರೆದು ನೋಡಿ. ಓಲಾ, ಉಬರ್, ರ‍್ಯಾಪಿಡೊ, ನಮ್ಮ ಯಾತ್ರಿ, ಎಲ್ಲದರ ಅಡಿಪಾಯ ಒಂದೇ: ಎಲ್ಲಿಂದ, ಎಲ್ಲಿಗೆ, ಎಷ್ಟು. ನಮ್ಮ ಯಾತ್ರಿ 2022ರಲ್ಲಿ ಬೆಂಗಳೂರಿನ ಆಟೊ ಚಾಲಕರ ಸಂಘವೊಂದರ ಜೊತೆ ಶುರುವಾದದ್ದು. ಅದರಲ್ಲಿ ಕನ್ನಡ ಇದೆ. ಚಾಲಕರಿಂದ ಪ್ರತಿ ಬಾಡಿಗೆಗೆ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹಣ ನೇರ ಚಾಲಕನಿಗೇ ಕೊಡಬೇಕು. ಹೊರಡುವ ಮೊದಲೇ ಕುಮಟಾದಲ್ಲಿ ಕೂತು 'ಮೆಜೆಸ್ಟಿಕ್‌ನಿಂದ ಜಯದೇವ' ಎಂದು ಹಾಕಿ ನೋಡಿ. ದರ ತೋರಿಸುತ್ತದೆ. ಬುಕ್ ಮಾಡದೆ ಹೊರಗೆ ಬನ್ನಿ. ಬೆಳಿಗ್ಗೆ ಏಳಕ್ಕೆ, ಒಂಬತ್ತಕ್ಕೆ, ಸಂಜೆ ಆರಕ್ಕೆ ನೋಡಿದರೆ ದರ ಹೇಗೆ ಕುಣಿಯುತ್ತದೆ ಎಂಬುದು ಕಾಸಿಲ್ಲದೆ ತಿಳಿಯುತ್ತದೆ.

ಇಷ್ಟೂ ಬೇಡ ಎಂದರೆ ಅಲ್ಲಿರುವ ನೆಂಟರ ಮಗನಿಗೆ ಹೇಳಿ. ಅವನು ತನ್ನ ಮೊಬೈಲಿನಿಂದಲೇ ನಿಮಗೆ ಗಾಡಿ ಬುಕ್ ಮಾಡಬಹುದು. ಗಾಡಿಯ ನಂಬರ್, ಚಾಲಕನ ಹೆಸರು, ನಾಲ್ಕು ಅಂಕಿಯ ಒಟಿಪಿ ನಿಮಗೆ ಕಳಿಸಲಿ. ಈ ಒಟಿಪಿಯನ್ನು ಫೋನಿನಲ್ಲಿ ಹೇಳಬೇಡಿ. ಗಾಡಿ ಎದುರು ಬಂದು, ಪ್ಲೇಟಿನ ನಂಬರ್ ಹೊಂದಿ, ನೀವು ಒಳಗೆ ಕೂತ ಮೇಲೆ ಹೇಳಿ. ಮೊದಲೇ ಹೇಳಿದರೆ ನಿಮ್ಮನ್ನು ಬಿಟ್ಟೇ ಪ್ರಯಾಣ ಶುರುವಾಗಿ, ಮುಗಿದೂ ಹೋಗಬಹುದು.

ಬುಕ್ ಆದ ಕೂಡಲೇ ಚಾಲಕನ ಫೋನ್ ಬರುತ್ತದೆ. 'ಎಲ್ಲಿಗೆ? ಕ್ಯಾಶಾ, ಆನ್‌ಲೈನಾ?' ಇದು ಬೆಂಗಳೂರಿನಲ್ಲಿ ನಮಸ್ಕಾರ ಇದ್ದ ಹಾಗೆ. ಕೆಲವರು ನಂತರ 'ಐವತ್ತು ಜಾಸ್ತಿ ಕೊಡ್ತೀರಾ' ಎನ್ನುತ್ತಾರೆ. ಬೆಳಿಗ್ಗೆ ಐದಕ್ಕೆ, ಮಳೆಯಲ್ಲಿ, ಅಮ್ಮನ ಜೊತೆ ನಿಂತಿದ್ದರೆ ನಾನಾದರೆ ಕೊಟ್ಟುಬಿಡುತ್ತೇನೆ. ಬೇರೆ ಹೊತ್ತಿನಲ್ಲಿ ಇಲ್ಲ ಎನ್ನುತ್ತೇನೆ. ಆದರೆ 'ಆಪಿನಲ್ಲಿ ಕ್ಯಾನ್ಸಲ್ ಮಾಡಿ, ಹಾಗೇ ಬರುತ್ತೇನೆ' ಎಂದರೆ ಯಾವ ಹೊತ್ತಿನಲ್ಲೂ ಒಪ್ಪಬೇಡಿ. ಕ್ಯಾನ್ಸಲ್ ಆದ ಮೇಲೆ ನೀವು ಆ ಗಾಡಿಯಲ್ಲಿ ಇದ್ದಿರಿ ಎಂಬುದಕ್ಕೆ ದಾಖಲೆಯೇ ಇಲ್ಲ. ಬಾಡಿಗೆ ಅವನು ಹೇಳಿದ್ದು, ದಾರಿ ಅವನು ಹಿಡಿದದ್ದು. ಕ್ಯಾನ್ಸಲ್ ಶುಲ್ಕವೂ ನಿಮ್ಮ ತಲೆಗೇ.

ಇಳಿಯುವಾಗ ಬಾಡಿಗೆಯನ್ನು ಚಾಲಕನ ಮೊಬೈಲಿನಲ್ಲಿ ನೋಡಬೇಡಿ, ನಿಮ್ಮದರಲ್ಲಿ ನೋಡಿ. ತೋರಿಸುವ ಪರದೆ ಆಪಿನದ್ದೇ ಎಂದು ಹೇಳಲಾಗದು. ಹಣದಲ್ಲಿ ಹೆಚ್ಚುಕಡಿಮೆ ಆದರೆ ದೂರನ್ನು ಆಪಿನ ಒಳಗಿಂದಲೇ ಕೊಡಿ. ಗೂಗಲ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಹುಡುಕಿ ಫೋನ್ ಮಾಡುವವರು ಇನ್ನೂರು ರೂಪಾಯಿ ವಾಪಸ್ ಪಡೆಯಲು ಹೋಗಿ ಖಾತೆ ಖಾಲಿ ಮಾಡಿಕೊಳ್ಳುತ್ತಾರೆ. ಅಂಥ ಮೋಸ ಆದರೆ 1930ಕ್ಕೆ ತಕ್ಷಣ ಫೋನ್ ಮಾಡಬೇಕು. ಜೀವಕ್ಕೆ ಅಪಾಯ ಅನ್ನಿಸಿದರೆ 112.

ವಿಳಾಸದ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ 'ಐದನೇ ಮೇನ್, ಹನ್ನೆರಡನೇ ಕ್ರಾಸ್' ಎಂದರೆ ಏನೂ ಹೇಳಿದಂತಾಗಲಿಲ್ಲ. ಪ್ರತಿ ಬಡಾವಣೆಯಲ್ಲೂ ಒಂದು ಐದನೇ ಮೇನ್ ಇದೆ. ಬಡಾವಣೆಯ ಹೆಸರು, ಹತ್ತಿರದ ದೇವಸ್ಥಾನವೋ ಪಾರ್ಕೋ ಸೇರಿಸಿ ಹೇಳಿ. ಆಸ್ಪತ್ರೆಗೂ ಹಾಗೇ. ಜಯದೇವದ ಮುಖ್ಯ ಆಸ್ಪತ್ರೆ ಬನ್ನೇರುಘಟ್ಟ ರಸ್ತೆಯಲ್ಲಿ, ಜಯನಗರದ ಕಡೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲೂ ಅದರ ಘಟಕ ಇದೆ. ಮ್ಯಾಪಿನಲ್ಲಿ ಮೊದಲು ಕಂಡದ್ದನ್ನು ಒತ್ತಿದರೆ ಊರಿನ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತೀರಿ. ನಿಮ್ಮ ಚೀಟಿಯಲ್ಲಿ ಯಾವುದು ಬರೆದಿದೆ, ನೋಡಿಕೊಳ್ಳಿ.

ಒಂದೇ ದಿನ ಮೂರು ನಾಲ್ಕು ಕಡೆ ಹೋಗುವುದಿದ್ದರೆ ಬಾಡಿಗೆ ಪ್ಯಾಕೇಜ್ ಇದೆ. 8 ಗಂಟೆ 80 ಕಿಲೋಮೀಟರ್ ಎಂಬುದು ಎಲ್ಲ ಕಡೆ ನಡೆಯುವ ಲೆಕ್ಕ. ಟ್ರಾವೆಲ್ಸ್ ಕಚೇರಿಯಿಂದ ಮಾಡಿದರೆ ಒಂದು ಪ್ರಶ್ನೆ ಕೇಳಲೇಬೇಕು: ಕಿಲೋಮೀಟರ್ ನಮ್ಮ ಬಾಗಿಲಿನಿಂದ ಶುರುವಾ, ನಿಮ್ಮ ಗ್ಯಾರೇಜಿನಿಂದಾ? ಗ್ಯಾರೇಜಿನಿಂದ ಗ್ಯಾರೇಜಿಗೆ ಎಂದರೆ ನೀವು ಕೂರುವ ಮೊದಲೇ ಇಪ್ಪತ್ತು ಕಿಲೋಮೀಟರ್ ಓಡಿರಬಹುದು. ನಮ್ಮ ಧಂಧೆಯಲ್ಲಿ ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಕೇಳಿದರೆ ಯಾರೂ ಸುಳ್ಳು ಹೇಳುವುದಿಲ್ಲ. ಕೇಳದಿದ್ದರೆ ತಾವಾಗಿ ಹೇಳುವುದೂ ಇಲ್ಲ.

ಮುಂಬೈ ಬೇರೆಯದೇ ಊರು. ಅಲ್ಲಿ ಮೀಟರ್ ಇನ್ನೂ ಬದುಕಿದೆ. ಕಪ್ಪು–ಹಳದಿ ಟ್ಯಾಕ್ಸಿ ನಿಲ್ಲಿಸಿ, ಕೂತು, ಜಾಗದ ಹೆಸರು ಹೇಳಿದರೆ ಚಾಲಕ ಮೀಟರ್ ಒತ್ತುತ್ತಾನೆ. ಹೆಚ್ಚಿನವರು ಚಿಲ್ಲರೆಯನ್ನೂ ವಾಪಸ್ ಕೊಡುತ್ತಾರೆ. 2025ರ ಫೆಬ್ರವರಿಯಿಂದ ಟ್ಯಾಕ್ಸಿಗೆ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ, ರಿಕ್ಷಾಕ್ಕೆ 26. ಮುಂದೆ ಟ್ಯಾಕ್ಸಿಗೆ ಕಿಲೋಮೀಟರಿಗೆ 20 ರೂಪಾಯಿ 66 ಪೈಸೆ, ರಿಕ್ಷಾಕ್ಕೆ 17 ರೂಪಾಯಿ 14 ಪೈಸೆ. ಎಂಟು ಕಿಲೋಮೀಟರ್ ಹೋದರೆ ಟ್ಯಾಕ್ಸಿಗೆ 165ರ ಹತ್ತಿರ. ನಡುರಾತ್ರಿ 12ರಿಂದ 5ರವರೆಗೆ ಕಾಲು ಭಾಗ ಜಾಸ್ತಿ. ಹತ್ತಿದಾಗ ಮೀಟರಿನಲ್ಲಿ 31 ಕಾಣಬೇಕು, ನೋಡಿ. ನೀವು ಹಳೆಯ ಫೋಟೊಗಳಲ್ಲಿ ಕಂಡ ಪದ್ಮಿನಿ ಟ್ಯಾಕ್ಸಿ ಮಾತ್ರ ಈಗ ಸಿಗುವುದಿಲ್ಲ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಅದರ ಗೇರು ಸ್ಟೇರಿಂಗಿನ ಬುಡದಲ್ಲಿತ್ತು. ಮಳೆಗಾಲದಲ್ಲಿ ಅದನ್ನು ಹಾಕುವುದು ಒಂದು ವ್ಯಾಯಾಮ. ಇರಲಿ ಬಿಡಿ.

ಮುಂಬೈಯಲ್ಲಿ ಹೊಸಬರು ಎಡವುವುದು ಎರಡು ಕಡೆ. ಒಂದು, ರಿಕ್ಷಾ ಊರಿನ ದಕ್ಷಿಣ ಭಾಗಕ್ಕೆ ಹೋಗುವಂತಿಲ್ಲ. ಬಾಂದ್ರಾ, ಸಾಯನ್ ಕಡೆಗೇ ಅದರ ಗಡಿ ಮುಗಿಯುತ್ತದೆ. ಕುರ್ಲಾದಲ್ಲಿ ರಿಕ್ಷಾ ಹತ್ತಿ ದಾದರ್, ಪರೇಲ್ ಎಂದರೆ ಸಾಯನ್ನಿನಲ್ಲಿ ಇಳಿಸುತ್ತಾನೆ. ಪರೇಲಿನ ಟಾಟಾ ಆಸ್ಪತ್ರೆಗೆ ಹೋಗುವ ನಮ್ಮ ಜಿಲ್ಲೆಯವರು ಹೀಗೆ ನಡುದಾರಿಯಲ್ಲಿ ಬ್ಯಾಗು ಹಿಡಿದು ನಿಲ್ಲುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಕಡೆಗೆ ಹೋಗುವುದಿದ್ದರೆ ಮೊದಲೇ ಟ್ಯಾಕ್ಸಿ ಮಾಡಿ. ಎರಡನೆಯದು ಈಸ್ಟ್–ವೆಸ್ಟ್. ಮುಂಬೈಯ ವಿಳಾಸ ರೈಲು ಹಳಿಯ ಯಾವ ಮಗ್ಗುಲಲ್ಲಿ ಎಂಬುದರ ಮೇಲೆ ನಿಂತಿದೆ. ಡೊಂಬಿವಲಿ ಈಸ್ಟ್ ಬೇರೆ, ಡೊಂಬಿವಲಿ ವೆಸ್ಟ್ ಬೇರೆ. ತಪ್ಪಿದರೆ ಹಳಿ ದಾಟಿ ಆಚೆ ಹೋಗಲು ಸೇತುವೆ ಹುಡುಕಬೇಕು. ಮದುವೆ ಮನೆ ಯಾವ ಕಡೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ರೈಲು ಇಳಿದವರು ನಡೆದೇ ಆ ಕಡೆಯ ಬಾಗಿಲಿನಿಂದ ಹೊರಗೆ ಬಂದು, ಆಮೇಲೆ ರಿಕ್ಷಾ ಹಿಡಿಯಬೇಕು.

ಈಗ ನಿಮ್ಮ ದಾರಿ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ವರೆಗೆ ಹೋಗುತ್ತದೆ. ನೀವು ಅಲ್ಲಿಯವರೆಗೆ ಹೋಗಬೇಡಿ. ಅದಕ್ಕೂ ಮೊದಲು ಬರುವ ಠಾಣೆ (ಥಾಣೆ) ರೈಲು ಸ್ಟೇಷನ್ನಿನಲ್ಲೇ ಇಳಿಯಿರಿ. ಡೊಂಬಿವಲಿ ಇರುವುದು ಠಾಣೆಯಿಂದ ಕಲ್ಯಾಣದ ಕಡೆಗೆ. ಕುರ್ಲಾಕ್ಕೆ ಹೋದರೆ ಮುಂದೆ ಹೋಗಿ ಮತ್ತೆ ಹಿಂದೆ ಬಂದ ಹಾಗೆ. ಬೆಳಗ್ಗೆ ಜನ ಎಲ್ಲ ಮುಂಬೈ ಕಡೆಗೆ ನುಗ್ಗುತ್ತಿರುತ್ತಾರೆ. ಕಲ್ಯಾಣದ ಕಡೆಯ ಲೋಕಲ್ ರೈಲಿನಲ್ಲಿ ಆ ಹೊತ್ತಿಗೆ ಕೂರಲು ಜಾಗ ಸಿಗುತ್ತದೆ. ಬ್ಯಾಗು ಜಾಸ್ತಿ ಇದ್ದರೆ ಠಾಣೆಯಿಂದ ನೇರ ಕಾರು ಮಾಡಿ. ಬೆಳಗ್ಗೆ ಬೇಗ ರಸ್ತೆಯೂ ಖಾಲಿ.

ಮದುವೆ ಮುಗಿದು ಅಮ್ಮನಿಗೆ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಗೇಟ್‌ವೇ ತೋರಿಸುವ ಆಸೆ ಇದ್ದೇ ಇರುತ್ತದೆ, ಅಲ್ವಾ. ಡೊಂಬಿವಲಿಯಿಂದಲೇ ಟ್ಯಾಕ್ಸಿ ಮಾಡಿದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಹನ್ನೊಂದರ ಮೇಲೆ, ಜನ ಕಡಿಮೆಯಾದಾಗ ಲೋಕಲ್ ಹತ್ತಿ ದಾದರಿಗೆ ಬನ್ನಿ. ಅಲ್ಲಿಂದ ಸಿದ್ಧಿವಿನಾಯಕ ಇರುವ ಪ್ರಭಾದೇವಿಗೆ ಟ್ಯಾಕ್ಸಿ ಸಣ್ಣ ಬಾಡಿಗೆ. ಅಲ್ಲಿಂದ ಮಹಾಲಕ್ಷ್ಮಿಗೆ ಇನ್ನೊಂದು, ಮುಂದೆ ಗೇಟ್‌ವೇಗೆ ಮತ್ತೊಂದು. ಒಂದೇ ಟ್ಯಾಕ್ಸಿಯನ್ನು ಕಾಯಿಸಿಕೊಂಡು ತಿರುಗಬೇಡಿ. ನಮ್ಮೂರಲ್ಲಿ ಇಡಗುಂಜಿ, ಮುರ್ಡೇಶ್ವರ ಎಂದು ಕಾರು ಮಾಡಿಕೊಂಡು ಹೋದರೆ ಚಾಲಕನೂ ನಮ್ಮ ಜೊತೆ ಊಟ ಮಾಡಿ, ಮರದ ಕೆಳಗೆ ಒಂದು ನಿದ್ದೆ ತೆಗೆಯುತ್ತಾನೆ. ಮುಂಬೈಯಲ್ಲಿ ಕಾಯುವುದಕ್ಕೂ ಮೀಟರ್ ಓಡುತ್ತದೆ, ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಬಿಟ್ಟು ಬಿಡಿ, ಹೊಸದು ಹಿಡಿಯಿರಿ. ಸಂಜೆ ಐದರ ಮೇಲೆ ಮಾತ್ರ ಡೊಂಬಿವಲಿ ಕಡೆಯ ಲೋಕಲ್‌ಗೆ ವಯಸ್ಸಾದವರನ್ನು ಹತ್ತಿಸುವ ಸಾಹಸ ಬೇಡ. ನಾಲ್ಕಕ್ಕೆ ಮೊದಲೇ ಹೊರಡಿ.

ಸಾಮಾನಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮುಂಬೈ ಟ್ಯಾಕ್ಸಿಗಳು ಓಡುವುದು ಸಿಎನ್‌ಜಿಯಲ್ಲಿ. ಬೆಂಗಳೂರಿನ ಆಪ್ ಕಾರುಗಳಲ್ಲೂ ಬಹಳಷ್ಟು ಹಾಗೇ. ಸಿಲಿಂಡರ್ ಇರುವುದು ಡಿಕ್ಕಿಯಲ್ಲಿ. ಡಿಕ್ಕಿ ತೆಗೆದರೆ ಒಂದು ಕೈಚೀಲ ಇಡುವಷ್ಟು ಜಾಗ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್, ಮೇಲೆ ಮದುವೆ ಮನೆಗೆಂದು ತೆಂಗಿನಕಾಯಿ ಚೀಲ, ಹಲಸಿನ ಹಪ್ಪಳದ ಡಬ್ಬಿ, ಕುಮಟಾದ ಈರುಳ್ಳಿ ಗೊಂಚಲು. ಇದು ಸಣ್ಣ ಕಾರಿನಲ್ಲಿ ಹಿಡಿಯುವುದೇ ಇಲ್ಲ. ಕಪ್ಪು–ಹಳದಿ ಟ್ಯಾಕ್ಸಿಯಾದರೆ ಮೇಲೆ ಕ್ಯಾರಿಯರ್ ಇರುವುದನ್ನು ನೋಡಿ ಹಿಡಿಯಿರಿ. ಆಪಿನಲ್ಲಾದರೆ ಆರು ಸೀಟಿನದ್ದು ಬುಕ್ ಮಾಡಿ. ಎರಡು ಸಣ್ಣ ಕಾರಿಗಿಂತ ಅದೇ ಅಗ್ಗ ಬೀಳುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಕಾಲ ಬುಡದಲ್ಲಿ ನೆಟ್ಟಗೆ ಇಟ್ಟುಕೊಳ್ಳಿ. ಎಣ್ಣೆ ಸೀಟಿಗೆ ಸೋರಿದರೆ ತೊಳೆಸುವ ಖರ್ಚು ನಿಮ್ಮ ಮೇಲೆ ಬರುತ್ತದೆ. ಒಣಮೀನು ಕೊಂಡೊಯ್ಯುವುದಿದ್ದರೆ ಎರಡು ಡಬ್ಬಿಯೊಳಗೆ ಹಾಕಿ. ಎಸಿ ಹಾಕಿದ ಕಾರಿನಲ್ಲಿ ಆ ವಾಸನೆ ನಮಗೆ ಊರು, ಮುಂದಿನ ಗಿರಾಕಿಗೆ ದೂರು.

ಟ್ಯಾಕ್ಸಿಯವನು ಬರುವುದಿಲ್ಲ ಎಂದರೆ? ಕಾನೂನಿನ ಪ್ರಕಾರ ಬಾಡಿಗೆ ಗಾಡಿಯವನು ಹಾಗೆ ಹೇಳುವಂತಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆ ದಂಡ ಇದೆ. ಗಾಡಿ ನಂಬರ್ ಬರೆದುಕೊಂಡು ಸಂಚಾರ ಪೊಲೀಸರಿಗೆ ದೂರು ಕೊಡಬಹುದು. ಆದರೆ ಅಮ್ಮನನ್ನು ನಿಲ್ಲಿಸಿಕೊಂಡು ಕಾಯ್ದೆ ಮಾತಾಡುವುದರಿಂದ ಗಾಡಿ ಸಿಗುವುದಿಲ್ಲ. ಅವನ ಲೆಕ್ಕ ಹೀಗಿರುತ್ತದೆ: ಟರ್ಮಿನಸ್ ಎದುರು ಒಂದು ತಾಸು ಸಾಲಿನಲ್ಲಿ ನಿಂತಿರುತ್ತಾನೆ, ನೀವು ಎರಡು ಕಿಲೋಮೀಟರ್ ದೂರ ಹೇಳುತ್ತೀರಿ. ಹೋದರೆ ಸಾಲು ತಪ್ಪಿತು, ಸಿಕ್ಕಿದ್ದು ನಲವತ್ತು ರೂಪಾಯಿ. ಇಲ್ಲವೇ ಪಾಳಿ ಬದಲಾಗುವ ಹೊತ್ತು, ಗಾಡಿಯನ್ನು ಇನ್ನೊಬ್ಬನಿಗೆ ಒಪ್ಪಿಸಬೇಕು. ಇಲ್ಲವೇ ಗ್ಯಾಸ್ ಮುಗಿದಿದೆ, ಸಿಎನ್‌ಜಿ ಪಂಪಿನಲ್ಲಿ ಇನ್ನೊಂದು ಸಾಲು. ಹಾಗಾಗಿ ಹತ್ತಿರ ಹೋಗುವುದಿದ್ದರೆ ಸ್ಟೇಷನ್ನಿನ ಸಾಲಿನ ಗಾಡಿ ಕೇಳಲೇಬೇಡಿ. ಗೇಟು ದಾಟಿ ರಸ್ತೆಗೆ ಬನ್ನಿ. ನೀವು ಹೋಗುವ ದಿಕ್ಕಿನ ಮಗ್ಗುಲಲ್ಲೇ ನಿಂತು ಓಡುತ್ತಿರುವ ಖಾಲಿ ಗಾಡಿಗೆ ಕೈ ಮಾಡಿ. ಯು ಟರ್ನ್ ಇಲ್ಲ, ಸಾಲಿನ ಸಿಟ್ಟಿಲ್ಲ, ಹತ್ತಿರದ ಬಾಡಿಗೆಗೂ ಒಪ್ಪುತ್ತಾರೆ.

ಮಾತಿನ ತೊಂದರೆ ನಿಮಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಕನ್ನಡದಲ್ಲೇ ಶುರು ಮಾಡಿ. ಮುಂಬೈಯಲ್ಲಿ ನಿಮ್ಮ ಮುರುಕು ಹಿಂದಿಗಿಂತ ಕೊಂಕಣಿ ಬಂದರೆ ಕೊಂಕಣಿಯೇ ಚೆನ್ನಾಗಿ ನಡೆಯುತ್ತದೆ, ಮರಾಠಿಯವರಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ಹತ್ತು, ಇಪ್ಪತ್ತು, ಐವತ್ತರ ನೋಟು ಇಟ್ಟುಕೊಳ್ಳಿ. ಯುಪಿಐ ಮಾಡಿದರೆ ಕಳಿಸುವ ಮೊದಲು ಪರದೆಯಲ್ಲಿ ಬಂದ ಹೆಸರನ್ನು ಚಾಲಕನಿಗೆ ಓದಿ ಹೇಳಿ. ಇಳಿದ ಮೇಲೆ ಸೀಟು, ಡಿಕ್ಕಿ, ಕಾಲ ಬುಡ ಒಮ್ಮೆ ನೋಡಿ. ರಸ್ತೆಯಲ್ಲಿ ಕೈ ಮಾಡಿ ಹಿಡಿದ ಟ್ಯಾಕ್ಸಿಯಾದರೆ ಹತ್ತುವಾಗಲೇ ನಂಬರ್ ಪ್ಲೇಟಿನ ಫೋಟೊ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯ ಫೈಲ್ ಒಳಗೆ ಉಳಿದು ಹೋದರೆ ಹುಡುಕಲು ಅದೊಂದೇ ದಾರಿ.

ವಾಪಸ್ ಬರುವಾಗಲೂ ಕುರ್ಲಾಕ್ಕೆ ಹೋಗಬೇಡಿ. ಮತ್ಸ್ಯಗಂಧಾ ಮಧ್ಯಾಹ್ನ ಮೂರರ ಮೇಲೆ ಕುರ್ಲಾ ಬಿಟ್ಟು ಠಾಣೆಗೆ ಬರುತ್ತದೆ. ಟಿಕೆಟ್ ಮಾಡಿಸುವಾಗಲೇ ಹತ್ತುವ ಸ್ಟೇಷನ್ ಠಾಣೆ ಎಂದು ಹಾಕಿಸಿ. ಅಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು. ನಾಲ್ಕು ಜನ, ಇಬ್ಬರು ವಯಸ್ಸಾದವರು, ಸಾಮಾನು. ಡೊಂಬಿವಲಿಯಿಂದ ಕಾರು ಮಾಡಿದರೆ ಒಂದು ಗಂಟೆಗೇ ಹೊರಡಿ. ಸೇತುವೆ ಹತ್ತಿ ಇಳಿಯುವ ಕೆಲಸ ಮುಗಿಸಿ, ನಿಮ್ಮ ಬೋಗಿ ಎಲ್ಲಿ ಬರುತ್ತದೆ ಎಂದು ಬೋರ್ಡ್ ನೋಡಿ, ಅಲ್ಲೇ ಅಮ್ಮನಿಗೆ ಒಂದು ಕುರ್ಚಿ ಹಿಡಿಯಿರಿ.